ಹಾಸ್ಟೆಲ್ ತಟ್ಟೆಯಲ್ಲಿ ಅನ್ನದ ಜೊತೆಗೆ ಏನಿದೆ?

ಕಾಲೇಜುಗಳು ಆರಂಭವಾಗಿ ಎರಡು ತಿಂಗಳು ಕಳೆಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪ ಬದಲಾಗುತ್ತದೆ. ಮನೆಯೂಟ ಬಿಟ್ಟು ಹಾಸ್ಟೆಲ್, ಪಿಜಿ, ಬಾಡಿಗೆ ಕೋಣೆ ಸೇರಿದ ಮಕ್ಕಳು ಸುಸ್ತು, ಕೂದಲು ಉದುರುವಿಕೆ, ಹೊಟ್ಟೆಯುರಿ, ತೂಕದ ಏರುಪೇರುಗಳ ಬಗ್ಗೆ ಬರೆಯುತ್ತಾರೆ. ಒಂದೊಂದರ ವಿವರ ಒಂದೊಂದು ಬಗೆಯಾದರೂ, ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳ ಆಹಾರವನ್ನು ಹತ್ತಿರದಿಂದ ನೋಡುತ್ತಿರುವ ನನಗೆ ಹೆಚ್ಚಿನವುಗಳ ಹಿಂದೆ ಒಂದೇ ಸಂಗತಿ ಕಾಣುತ್ತದೆ: ತಟ್ಟೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಅನ್ನದ ಜೊತೆಗಿರಬೇಕಾದ ಬೇಳೆ, ಕಾಳು, ಸೊಪ್ಪು, ಮೊಸರು ತೆಳುವಾಗಿಬಿಟ್ಟಿವೆ. ಈ ಸಲದ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಸಸ್ಯಾಹಾರಿ. ಎಂಟು ಗಂಟೆಗೇ ತರಗತಿ ಇರುವುದರಿಂದ ಬೆಳಗ್ಗೆ ಚಹಾ, ಬಿಸ್ಕತ್ತು ಅಷ್ಟೇ. ಮಧ್ಯಾಹ್ನ ಊಟವಾದ ಕೂಡಲೇ ಮತ್ತೆ ಚಹಾ ಬೇಕು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕಾಲೇಜಿನ ಆರೋಗ್ಯ ಶಿಬಿರದಲ್ಲಿ ಹಿಮೋಗ್ಲೋಬಿನ್ 9.6 ಇದೆ ಎಂದರು. ಗೆಳತಿಯರು ಬೀಟ್‌ರೂಟ್ ಮತ್ತು ಬೆಲ್ಲ ತಿಂದರೆ ಸರಿಹೋಗುತ್ತದೆ ಎನ್ನುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. 11ಕ್ಕಿಂತ ಕೆಳಗಿಳಿದದ್ದನ್ನು ವೈದ್ಯರು ಮಧ್ಯಮ ಪ್ರಮಾಣದ ರಕ್ತಹೀನತೆ ಎಂದು ಪರಿಗಣಿಸುತ್ತಾರೆ, ಮತ್ತು ಆ ಮಟ್ಟದಿಂದ ಮೇಲೇರಲು ಊಟದ ಜೊತೆಗೆ ಕಬ್ಬಿಣಾಂಶದ ಮಾತ್ರೆಯೂ ಬೇಕಾಗುತ್ತದೆ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಸರ್ಕಾರಿ ಆಸ್ಪತ್ರೆಗೋ ಹೋಗಿ, ಶಿಬಿರದ ಚೀಟಿಯನ್ನು ತೋರಿಸಿ, ರಕ್ತವನ್ನು ಪೂರ್ತಿಯಾಗಿ ಪರೀಕ್ಷಿಸಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಸ್ರಾವ ಹೆಚ್ಚಾಗಿರುತ್ತದೆಯೇ, ಎಷ್ಟು ದಿನ ಇರುತ್ತದೆ ಎಂಬುದನ್ನು ಸಂಕೋಚಪಡದೆ ಹೇಳಿ. ಹಲವರಲ್ಲಿ ಮೂಲ ಕಾರಣ ಅಲ್ಲಿಯೇ ಇರುತ್ತದೆ. ನೀವು ಒಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಇಷ್ಟು ಸಾಮಾನ್ಯವಾಗಿರುವುದರಿಂದಲೇ ನಮ್ಮ ಹೆಣ್ಣುಮಕ್ಕಳು ಏದುಸಿರನ್ನೂ ತಲೆಸುತ್ತನ್ನೂ ಸಹಜವೆಂದು ಭಾವಿಸಿ ಸುಮ್ಮನಿದ್ದುಬಿಡುತ್ತಾರೆ ಎನ್ನುವುದು ನನ್ನನ್ನು ತುಂಬಾ ನೋಯಿಸುವ ಸಂಗತಿ.

ವೈದ್ಯರು ಮಾತ್ರೆ ಕೊಟ್ಟರೆ ಅದನ್ನು ಚಹಾ ಅಥವಾ ಹಾಲಿನ ಜೊತೆ ನುಂಗಬೇಡಿ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯಿಂದ ಆಗುವುದು. ಹೊಟ್ಟೆ ತೊಳಸಿದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ, ದೇಹದಲ್ಲಿ ಕಬ್ಬಿಣದ ದಾಸ್ತಾನು ತುಂಬಲೆಂದು, ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಲು ಅವರು ಹೇಳಬಹುದು. ಅಷ್ಟು ದಿನವೂ ತೆಗೆದುಕೊಳ್ಳಿ.

ಇನ್ನು ಬೀಟ್‌ರೂಟಿನ ವಿಷಯ. ಅದರ ಕೆಂಪು ಬಣ್ಣವನ್ನು ನೋಡಿ ರಕ್ತ ಹೆಚ್ಚಿಸುತ್ತದೆಂದು ನಂಬುತ್ತಾರೆ. ಆದರೆ ನೂರು ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಮಿನಷ್ಟೂ ಇಲ್ಲ. ಬೆಲ್ಲದಲ್ಲಿ ಅದಕ್ಕಿಂತ ಹೆಚ್ಚಿದ್ದರೂ ಯಾರೂ ದಿನಕ್ಕೆ ನೂರು ಗ್ರಾಂ ಬೆಲ್ಲ ತಿನ್ನುವುದಿಲ್ಲ, ತಿನ್ನಲೂ ಬಾರದು. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸೂಚಿಸಿರುವ ಪ್ರಮಾಣ ದಿನಕ್ಕೆ 29 ಮಿಲಿಗ್ರಾಂ. ಅದರ ಹತ್ತಿರ ಹೋಗಬೇಕಾದರೆ ಕಾಳು, ಸೊಪ್ಪು, ಎಣ್ಣೆಬೀಜಗಳು ದಿನವೂ ಊಟದಲ್ಲಿರಬೇಕು, ಮತ್ತು ಈ ಮಟ್ಟಿಗೆ ನೀವಿರುವ ಊರು ಭಾಗ್ಯದ ಊರು. ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೆಂತ್ಯೆ ಅಥವಾ ಪುಂಡಿ ಸೊಪ್ಪು, ಮೇಲೆ ಎರಡು ಚಮಚ ಗುರೆಳ್ಳು ಚಟ್ನಿಪುಡಿ, ಬಟ್ಟಲು ಮೊಸರು: ಯಾವುದೇ ಸಾಧಾರಣ ಖಾನಾವಳಿಯಲ್ಲಿ ಸಿಗುವ ಈ ಊಟಕ್ಕಿಂತ ಉತ್ತಮವಾದುದನ್ನು ನಾನು ಬರೆದುಕೊಡಲಾರೆ. ಹಾಸ್ಟೆಲಿನಲ್ಲಿ ಇದು ಸಿಗದ ದಿನ ಮನೆಯಿಂದ ತಂದ ಗುರೆಳ್ಳು, ಅಗಸೆ, ಶೇಂಗಾ ಪುಡಿಗಳ ಡಬ್ಬಿಯನ್ನು ತಟ್ಟೆಯ ಪಕ್ಕ ಇಟ್ಟುಕೊಳ್ಳಿ.

ಚಹಾ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಅದರಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಸೊಪ್ಪು-ಕಾಳುಗಳ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟದ ಬಳಿಕ ಒಂದು ಗಂಟೆ ಚಹಾ ಕುಡಿಯದಿದ್ದರೆ ತಿಂದದ್ದು ಮೈಗೆ ಹತ್ತುತ್ತದೆ. ಇದಕ್ಕೆ ವಿರುದ್ಧವಾಗಿ ಸಿ ಜೀವಸತ್ವ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟದ ಕೊನೆಗೆ ಚಹಾದ ಬದಲು ಅರ್ಧ ಧಾರವಾಡದ ಪೇರಲ ಹಣ್ಣು ತಿನ್ನಿ. ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ಸಿ ಜೀವಸತ್ವ ಅದರಲ್ಲಿದೆ. ಪೇರಲ ಇಲ್ಲದ ಕಾಲದಲ್ಲಿ ಕಾಳಿನ ಪಲ್ಯದ ಮೇಲೆ ನಿಂಬೆ ಹಿಂಡಿಕೊಳ್ಳಿ. ಬೆಳಗಿನ ತಿಂಡಿಗೆ ನಿಜವಾಗಿಯೂ ಸಮಯವಿಲ್ಲದಿದ್ದರೆ, ಹಿಂದಿನ ರಾತ್ರಿಯೇ ಒಂದು ಡಬ್ಬಿಗೆ ಎರಡು ಹಿಡಿ ಹುರಿದ ಶೇಂಗಾ ಮತ್ತು ಪುಟಾಣಿ ತುಂಬಿ, ಜೊತೆಗೊಂದು ಬಾಳೆಹಣ್ಣು ಇಟ್ಟುಕೊಳ್ಳಿ. ಮೊದಲ ತರಗತಿ ಮುಗಿದ ಹತ್ತು ನಿಮಿಷದಲ್ಲಿ ತಿಂದು ಮುಗಿಯುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ತೂಕ 60 ಕೆ.ಜಿ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಪ್ರೋಟೀನ್ ಪುಡಿ ತೆಗೆದುಕೊಳ್ಳದೆ ಮೈಕಟ್ಟು ಬರುವುದಿಲ್ಲ ಎಂದು ತರಬೇತುದಾರರು ಹೇಳುತ್ತಾರೆ. ಒಂದು ಡಬ್ಬಿಗೆ ಮೂರು ಸಾವಿರ ರೂಪಾಯಿ. ಮನೆಯಲ್ಲಿ ಕೇಳಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ? ಮೊಟ್ಟೆ ತಿನ್ನುತ್ತೇನೆ.

ಉತ್ತರ: ಕೇಳಬೇಡಿ, ಆ ಡಬ್ಬಿ ನಿಮಗೆ ಬೇಕಾಗಿಲ್ಲ. ಸಾಮಾನ್ಯ ಆರೋಗ್ಯವಂತರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಅಂದರೆ ನಿಮಗೆ 50 ಗ್ರಾಂ. ತೂಕ ಎತ್ತುವ ವ್ಯಾಯಾಮವನ್ನು ನಿಯಮಿತವಾಗಿ ಮಾಡುವವರಿಗೆ ಕಿಲೋಗೆ 1.2ರಿಂದ 1.6 ಗ್ರಾಂವರೆಗೆ ಬೇಕಾಗಬಹುದು, ಅಂದರೆ 72ರಿಂದ 96 ಗ್ರಾಂ. ಇದನ್ನು ನಿಮ್ಮ ಊಟದಲ್ಲಿಯೇ ಲೆಕ್ಕ ಹಾಕಿ ನೋಡೋಣ.

ಮೂರು ಹೊತ್ತಿನ ಮೆಸ್ ಊಟದ ಅಕ್ಕಿ, ಗೋಧಿ, ಬೇಳೆಗಳಿಂದ, ಸಾರು ತೀರಾ ತಿಳಿಯಾಗಿಲ್ಲದಿದ್ದರೆ, 30 ಗ್ರಾಂನಷ್ಟು ಬರುತ್ತದೆ. ಎರಡು ಬೇಯಿಸಿದ ಮೊಟ್ಟೆಗಳಿಂದ 12. ಅರ್ಧ ಲೀಟರ್ ಹಾಲು ಅಥವಾ ಅಷ್ಟು ಹಾಲಿನ ಮೊಸರಿನಿಂದ 16. ಐವತ್ತು ಗ್ರಾಂ ಕಡಲೆಕಾಯಿ ಬೀಜ, ಅಂದರೆ ಎರಡು ಹಿಡಿಯಿಂದ, 12. ಇಲ್ಲಿಗೇ 70 ಆಯಿತು. ಮೂವತ್ತು ಗ್ರಾಂ ಸೋಯಾ ಚಂಕ್ಸ್ ಅನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿ ಸಾಂಬಾರಿಗೆ ಹಾಕಿಕೊಂಡರೆ ಇನ್ನೊಂದು 15 ಗ್ರಾಂ ಸೇರುತ್ತದೆ. ಪುಡಿಯ ಒಂದು ದೊಡ್ಡ ಚಮಚದಲ್ಲಿ ಸಾಮಾನ್ಯವಾಗಿ ಸಿಗುವುದು 24-25 ಗ್ರಾಂ. ಎರಡು ಮೊಟ್ಟೆ ಮತ್ತು ಎರಡು ಹಿಡಿ ಬೀಜ ಸೇರಿದರೆ ಅದಕ್ಕೆ ಸಮ. ಸಂಜೆ ಮಂಡಕ್ಕಿ ತಿನ್ನುವ ರೂಢಿ ನಿಮ್ಮ ಊರಿನಲ್ಲಿ ಹೇಗೂ ಇದೆ. ಮಿರ್ಚಿಯನ್ನು ವಾರಕ್ಕೊಮ್ಮೆಗೆ ಇಟ್ಟುಕೊಂಡು, ಉಳಿದ ದಿನ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಶೇಂಗಾ, ಮೊಳಕೆ ಬಂದ ಹೆಸರುಕಾಳು ಬೆರೆಸಿದರೆ ವ್ಯಾಯಾಮದ ನಂತರ ತಿನ್ನಲು ಅದೇ ಒಳ್ಳೆಯ ತಿಂಡಿ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಮೈಕಟ್ಟಿಗಾಗಿ ಇಂಥ ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಪುಡಿಯ ಬಳಿಕ ಯಾರಾದರೂ ಚುಚ್ಚುಮದ್ದನ್ನೋ ಹೆಸರಿಲ್ಲದ ಮಾತ್ರೆಯನ್ನೋ ಕೊಡಲು ಬಂದರೆ ಆ ಜಿಮ್ ಬಿಟ್ಟುಬಿಡಿ. ಮೈ ಬೆಳೆಯಲು ಮುಖ್ಯವಾಗಿ ಬೇಕಾದುದು ಸಾಕಷ್ಟು ಊಟ, ವ್ಯಾಯಾಮ ಮತ್ತು ರಾತ್ರಿ ಏಳೆಂಟು ಗಂಟೆಯ ನಿದ್ರೆ.

ಪ್ರಶ್ನೆ: ಮಂಗಳೂರಿನಲ್ಲಿ ಓದುತ್ತಿದ್ದೇನೆ. ರಾತ್ರಿ ಊಟ ಬಿಟ್ಟು ಮೂರು ತಿಂಗಳಲ್ಲಿ ಒಂಬತ್ತು ಕೆ.ಜಿ. ಇಳಿಸಿದ್ದೇನೆ. ನನ್ನ ಎತ್ತರ 158 ಸೆಂ.ಮೀ., ಈಗ ತೂಕ 45. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಇನ್ನೂ ನಾಲ್ಕು ಕೆ.ಜಿ. ಇಳಿಸಲು ಏನು ತಿನ್ನಬೇಕು?

ಉತ್ತರ: ಇನ್ನು ಒಂದು ಕಿಲೋ ಕೂಡ ಇಳಿಸಬಾರದು. ನಿಮ್ಮ ಎತ್ತರಕ್ಕೆ ಮೊದಲಿದ್ದ 54 ಕೆ.ಜಿ. ಸರಿಯಾದ ತೂಕವೇ ಆಗಿತ್ತು. ಈಗಿರುವುದು ಇರಬೇಕಾದ ಕನಿಷ್ಠಕ್ಕಿಂತ ಕಡಿಮೆ. ಮುಟ್ಟು ನಿಂತಿರುವುದನ್ನು ಹಗುರವಾಗಿ ಕಾಣಬೇಡಿ. ಆಹಾರ ಸಾಲದೆ ಬಂದಾಗ ದೇಹ ಮೊದಲು ಉಳಿತಾಯ ಮಾಡುವುದು ಇಂಥ ಕೆಲಸಗಳಲ್ಲಿ, ಮತ್ತು ಹೀಗೆಯೇ ಮುಂದುವರಿದರೆ ಮೂಳೆಗಳು ಗಟ್ಟಿಯಾಗಬೇಕಾದ ವಯಸ್ಸಿನಲ್ಲಿಯೇ ಸವೆಯತೊಡಗುತ್ತವೆ. ದಯವಿಟ್ಟು ಸ್ತ್ರೀರೋಗ ತಜ್ಞರನ್ನು ಕಾಣಿ. ಬೇರೆ ಕಾರಣಗಳೂ ಇರಬಹುದಾದ್ದರಿಂದ ಅವರು ಪರೀಕ್ಷಿಸಲೇಬೇಕು.

ಇವತ್ತಿನ ರಾತ್ರಿಯಿಂದಲೇ ಊಟ ಆರಂಭಿಸಿ. ಒಂದೇ ಸಲಕ್ಕೆ ಹೆಚ್ಚು ತಿನ್ನಲು ಭಯವಾದರೆ, ಕುಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಸ್ವಲ್ಪ ಚಟ್ನಿ. ಮೀನು ತಿನ್ನುವವರಾದರೆ ಒಂದು ತುಂಡು ಬಂಗುಡೆಯೋ ಬೂತಾಯಿಯೋ. ಊಟದ ತಟ್ಟೆ ಮುಂದೆ ಬಂದಾಗ ಅಂಜಿಕೆಯಾಗುವುದು, ತಿಂದ ಮೇಲೆ ತಪ್ಪು ಮಾಡಿದಂತೆ ಅನಿಸುವುದು, ದಿನಕ್ಕೆ ಹಲವು ಬಾರಿ ತೂಕ ನೋಡಿಕೊಳ್ಳುವುದು ನಿಮ್ಮಲ್ಲಿದ್ದರೆ ಅದಕ್ಕೂ ಚಿಕಿತ್ಸೆ ಇದೆ, ನಾಚಿಕೆಪಡುವಂಥದ್ದು ಏನೂ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ, ಒಬ್ಬರಿಗಾದರೂ ಇದನ್ನು ತಿಳಿಸಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದಾನೆ. ಅಲ್ಲಿಯ ಊಟ ಸೇರದೆ ಮೊಬೈಲಿನಲ್ಲಿ ಹೊರಗಿನಿಂದ ತರಿಸಿ ತಿನ್ನುತ್ತಾನೆ. ತಿಂಗಳಿಗೊಮ್ಮೆ ಹಾಸನದಿಂದ ತಿಂಡಿ ಕಳುಹಿಸುತ್ತೇನೆ. ಕೋಡುಬಳೆ, ಚಕ್ಕುಲಿ ಬಿಟ್ಟು ಬೇರೇನು ಕಳುಹಿಸಬಹುದು? ಅಲ್ಲಿ ಒಲೆ ಇಟ್ಟುಕೊಳ್ಳಲು ಬಿಡುವುದಿಲ್ಲ.

ಉತ್ತರ: ಅಮ್ಮ, ರಾಗಿ ಹುರಿಹಿಟ್ಟು ಕಳುಹಿಸಿ. ರಾಗಿಯನ್ನು ಅರಳು ಹುರಿದು ಬೀಸಿದ ಈ ಹಿಟ್ಟಿಗೆ ಒಲೆ ಬೇಡ, ಪಾತ್ರೆ ಬೇಡ. ಒಂದು ಲೋಟ ಹಾಲಿಗೆ ಮೂರು ಚಮಚ ಹಾಕಿ ಬೆಲ್ಲದ ಪುಡಿಯೊಂದಿಗೆ ಕಲಸಿಕೊಂಡರೆ ಬೆಳಗಿನ ತಿಂಡಿ. ಮಜ್ಜಿಗೆಗೆ ಹಾಕಿ ಉಪ್ಪು ಸೇರಿಸಿದರೆ ಸಂಜೆಯ ಹಸಿವಿಗೆ ಆಸರೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದಂಶವಿದೆ. ಅಕ್ಕಿಯಲ್ಲಿರುವುದು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಗಂಟು ಕಟ್ಟದಂತೆ ಕಲಸಲು, ಮೊದಲು ಸ್ವಲ್ಪವೇ ಹಾಲು ಹಾಕಿ ಪೇಸ್ಟಿನಂತೆ ಮಾಡಿಕೊಂಡು ಆಮೇಲೆ ಉಳಿದ ಹಾಲು ಹಾಕುವಂತೆ ಅವನಿಗೆ ಒಮ್ಮೆ ಫೋನಿನಲ್ಲಿ ಹೇಳಿಕೊಡಿ, ಇಲ್ಲದಿದ್ದರೆ ಎರಡನೆಯ ದಿನವೇ ಬಿಟ್ಟುಬಿಡುತ್ತಾನೆ.

ಇದರ ಜೊತೆಗೆ ಎಳ್ಳುಂಡೆ, ಹುರಿದ ಕಡಲೆಬೀಜ, ಹುರಿಗಡಲೆ, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಇರಲಿ. ತೆಳು ಅವಲಕ್ಕಿಗೆ ಮೊಸರು, ಚಟ್ನಿಪುಡಿ ಕಲಸಿ ಹತ್ತು ನಿಮಿಷ ಬಿಟ್ಟರೆ ಊಟವೇ ಆಯಿತು. ಕೋಡುಬಳೆಯನ್ನು ನಿಲ್ಲಿಸಬೇಡಿ, ಅದರಲ್ಲಿ ನಿಮ್ಮ ಕೈರುಚಿ ಇದೆ, ಪ್ರಮಾಣ ಅರ್ಧಕ್ಕಿಳಿಸಿ. ಹೊರಗೆ ತಿನ್ನಲೇಬೇಕಾದಾಗ ಮೊಬೈಲಿನಲ್ಲಿ ತರಿಸುವ ಫ್ರೈಡ್ ರೈಸಿಗಿಂತ ಹತ್ತಿರದ ದರ್ಶಿನಿಯ ಇಡ್ಲಿ-ಸಾಂಬಾರು, ಇಲ್ಲವೇ ಮಧ್ಯಾಹ್ನದ ಸಾದಾ ಊಟ ಹಣಕ್ಕೂ ಹೊಟ್ಟೆಗೂ ಒಳಿತು.

ಪ್ರಶ್ನೆ: ಪರೀಕ್ಷೆಯ ಸಮಯದಲ್ಲಿ ರಾತ್ರಿ ಎರಡರವರೆಗೆ ಓದಲು ಕಾಫಿ ಒಳ್ಳೆಯದೋ, ಎನರ್ಜಿ ಡ್ರಿಂಕ್ ಒಳ್ಳೆಯದೋ? (ಬಿ.ಕಾಂ. ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಎರಡರಲ್ಲಿಯೂ ಎಚ್ಚರ ಇರಿಸುವುದು ಕೆಫೀನ್ ಒಂದೇ. ಅದು ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಒಂದು ಲೋಟ, ಅಂದರೆ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕಾನೂನು ಅವಕಾಶ ಕೊಟ್ಟಿದೆ. ಅದರ ಮೇಲೆ ಒಂದು ಸಣ್ಣ ಡಬ್ಬಿಯಲ್ಲಿಯೇ ಐದಾರು ಚಮಚದಷ್ಟು ಸಕ್ಕರೆ ಇರುವುದು ಸಾಮಾನ್ಯ. ಆದ್ದರಿಂದ ಆಯ್ಕೆ ಕಾಫಿಯೇ, ಅದೂ ಸಂಜೆ ಆರರ ಒಳಗೆ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಗಳ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಹತ್ತು ಗಂಟೆಗೆ ಕುಡಿದರೆ ಎರಡಕ್ಕೆ ಪುಸ್ತಕ ಮುಚ್ಚಿದರೂ ನಿದ್ದೆ ಹತ್ತುವುದಿಲ್ಲ. ಓದಿದ್ದು ನೆನಪಿನಲ್ಲಿ ನಿಲ್ಲುವುದು ನಿದ್ದೆಯಲ್ಲಿಯೇ. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದು ಓದಿ ನೋಡಿ.

ಪ್ರಶ್ನೆ: ಮೈಸೂರಿನ ಒಂದು ಹಾಸ್ಟೆಲಿನ ಆಹಾರ ಸಮಿತಿಗೆ ನಾನು ಪ್ರತಿನಿಧಿ. ಎಂಬತ್ತು ವಿದ್ಯಾರ್ಥಿಗಳಿದ್ದೇವೆ. ಊಟದ ಬಗ್ಗೆ ದಿನವೂ ದೂರು. ವಾರ್ಡನ್ ಅವರು ಮೆಸ್ ಶುಲ್ಕ ಹೆಚ್ಚಿಸದೆ ಏನಾದರೂ ಸಲಹೆ ತನ್ನಿ ಎಂದಿದ್ದಾರೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಮೇಲಿನ ಪತ್ರಗಳಲ್ಲಿರುವ ತೊಂದರೆಗಳ ದೊಡ್ಡ ಪಾಲು ಪರಿಹಾರವಾಗಬೇಕಾದುದು ಅಡುಗೆಮನೆಯಲ್ಲಿಯೇ. ಮೊದಲು ಬೇಳೆಯಿಂದ ಆರಂಭಿಸಿ. ನಾನು ಒಮ್ಮೆ ಒಂದು ಹಾಸ್ಟೆಲಿನ ಊಟದ ಮನೆಯಲ್ಲಿ ಮೂಲೆಯಲ್ಲಿ ನಿಂತು ಬಡಿಸುವುದನ್ನು ನೋಡುತ್ತಿದ್ದೆ. ಹುಳಿಯ ಕೊಳಗದಲ್ಲಿ ಬೇಳೆ ತಳಕ್ಕಿಳಿದಿತ್ತು, ಬಡಿಸುವವರು ಸೌಟನ್ನು ಮೇಲೆಮೇಲೆಯೇ ಅದ್ದುತ್ತಿದ್ದರು. ಮೊದಲ ಪಂಕ್ತಿಯ ಮಕ್ಕಳ ಅನ್ನದ ಮೇಲೆ ಬಿದ್ದದ್ದು ಅರಿಶಿನ ಬಣ್ಣದ ತಿಳಿ, ಅದು ತಟ್ಟೆಯ ಅಂಚಿಗೆ ಹರಿದು ನಿಂತಿತು. ಕೊನೆಗೆ ಬಂದ ಹತ್ತು ಮಂದಿಗೆ ಮುದ್ದೆಯಂತಹ ಗಟ್ಟಿ ಬೇಳೆ. ಒಂದೇ ಶುಲ್ಕ ಕೊಟ್ಟವರಿಗೆ ಎರಡು ಬಗೆಯ ಊಟ. ಪ್ರತಿ ಸೌಟಿಗೂ ತಳದಿಂದ ಕಲಕಿ ಬಡಿಸಬೇಕು ಎನ್ನುವ ನಿಯಮಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಮುಂದೆ ಉಗ್ರಾಣದ ಲೆಕ್ಕ ನೋಡಿ. ಒಂದು ಹೊತ್ತಿಗೆ ಎಷ್ಟು ಕಿಲೋ ಬೇಳೆ ಅಳೆದು ಕೊಡುತ್ತಾರೆ ಎಂದು ಬರೆದುಕೊಳ್ಳಿ. ಎಂಬತ್ತು ಜನಕ್ಕೆ ಎರಡು ಕಿಲೋ ಆದರೆ ತಲೆಗೆ 25 ಗ್ರಾಂ. ಅದನ್ನು ಮೂರು ಕಿಲೋ ಇನ್ನೂರು ಗ್ರಾಂಗೆ ಏರಿಸಿದರೆ 40 ಗ್ರಾಂ ಆಗುತ್ತದೆ, ಹೆಚ್ಚುವರಿ ವೆಚ್ಚ ತಲೆಗೆ ಎರಡು-ಮೂರು ರೂಪಾಯಿ. ಆ ಹಣವನ್ನು ಎಲ್ಲಿಂದ ತರುವುದು ಎಂದರೆ, ದಿನವೂ ಕರಿಯುವ ಹಪ್ಪಳದಿಂದ, ವಾರಕ್ಕೆ ಮೂರು ಸಲ ಮಾಡುವ ಪೂರಿಯ ಎಣ್ಣೆಯಿಂದ ಮತ್ತು ಕಸದ ತೊಟ್ಟಿಗೆ ಹೋಗುವ ಅನ್ನದಿಂದ. ಒಂದು ವಾರ ರಾತ್ರಿ ಉಳಿದ ಅನ್ನವನ್ನು ತೂಕ ಮಾಡಿ ಸೂಚನಾ ಫಲಕದಲ್ಲಿ ಬರೆಯಿರಿ. ವಾರ್ಡನ್ ಅವರಿಗೂ ಅಡುಗೆಯವರಿಗೂ ವಾದಕ್ಕಿಂತ ಆ ಅಂಕಿ ಹೆಚ್ಚು ಮನವರಿಕೆ ಮಾಡುತ್ತದೆ.

ತೊಗರಿಬೇಳೆ ದುಬಾರಿಯಾದಾಗ ಹಳೇ ಮೈಸೂರು ಸೀಮೆಯ ಅಡುಗೆಯೇ ನಿಮಗೆ ದಾರಿ ತೋರಿಸುತ್ತದೆ. ಹುರುಳಿಕಾಳು ಅಗ್ಗ, ಅದರಲ್ಲಿ ಬೇಳೆಗೆ ಸಮನಾದ ಪ್ರೋಟೀನ್ ಇದೆ. ಹುರುಳಿಕಟ್ಟಿನ ಸಾರು, ಬೆಂದ ಕಾಳಿನದೇ ಪಲ್ಯ. ಸೊಪ್ಪು-ಕಾಳು ಬೇಯಿಸಿ ಬಸಿದ ಬಸ್ಸಾರು. ವಾರಕ್ಕೆ ಎರಡು ರಾತ್ರಿ ಮುದ್ದೆ. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಪಲ್ಯವೂ ಆಗುವುದರಿಂದ ಗ್ಯಾಸ್ ಕೂಡ ಉಳಿಯುತ್ತದೆ. ಮುದ್ದೆ ಒಲ್ಲದವರಿಗೆ ಅದೇ ಹೊತ್ತಿಗೆ ಸ್ವಲ್ಪ ಅನ್ನವೂ ಇರಲಿ. ಬಲವಂತದಿಂದ ಹಾಕಿದ್ದು ತೊಟ್ಟಿಗೇ ಹೋಗುತ್ತದೆ.

ಅಡುಗೆಯವರೊಂದಿಗೆ ಎರಡು ವಿಷಯ ಗೌರವದಿಂದ ಮಾತನಾಡಿ. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವ ರೂಢಿ ಹಲವೆಡೆ ಇದೆ. ಅದರಿಂದ ಬಿ ಗುಂಪಿನ ಜೀವಸತ್ವಗಳು ನಾಶವಾಗುತ್ತವೆ. ಹಿಂದಿನ ರಾತ್ರಿ ನೆನೆಹಾಕಿದರೆ ಸೋಡಾದ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವುದು. ಒಮ್ಮೆ ಕರಿದು ಉಳಿದದ್ದನ್ನು ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಲಿ. ಎಂಬತ್ತು ಜನಕ್ಕೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಬೇಯಿಸುವವರು ಅವರು. ನಿಮ್ಮ ಸಮಿತಿಯ ಸಭೆಗೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಯಾವ ಸೊಪ್ಪು ಯಾವ ದಿನ ಮಾರುಕಟ್ಟೆಗೆ ಅಗ್ಗವಾಗಿ ಬರುತ್ತದೆ, ಯಾವ ಪಲ್ಯವನ್ನು ಹುಡುಗರು ಮುಟ್ಟುವುದೇ ಇಲ್ಲ ಎನ್ನುವುದು ನಿಮಗಿಂತ, ನನಗಿಂತ ಅವರಿಗೆ ಚೆನ್ನಾಗಿ ತಿಳಿದಿರುತ್ತದೆ. ಮೊದಲ ತಿಂಗಳಿಗೆ ಬೇಳೆಯ ಅಳತೆ, ಹುರುಳಿ ಸಾರು, ದಿನವೂ ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಈ ಮೂರನ್ನು ಮಾತ್ರ ಜಾರಿಗೆ ತನ್ನಿ. ಸೊಪ್ಪು, ಹಣ್ಣುಗಳ ವಿಷಯವನ್ನು ಎರಡನೆಯ ತಿಂಗಳ ಸಭೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಉಳಿದ ಅನ್ನದ ತೂಕ ಎಷ್ಟು ಇಳಿದಿದೆ ಎಂದು ನನಗೂ ಬರೆದು ತಿಳಿಸಿ.